ಸ್ಪ್ರಿಂಗ್ ಅದುಮಿದ ಮೇಲೇ ನಟ್ಟು

ಪುಣೆ, ೧೯೮೯

ಅಂಜಮ್ಮಾ,

ಬೆಳಗ್ಗಿಂದ ಗ್ಯಾರೇಜ್ ಮೇಸ್ತ್ರಿ ಬೈದಿದ್ದು ಸಾಲ್ದು ಅಂತ ನಿನ್ನ ಕಾಗದಾನೂ ಇವತ್ತೇ ಬಂತು. ಮಾವನ ಮಾರುತಿ ಕಾರಿಗೆ ಮುಂದಿನ ಶಾಕಬ್ಸರ್ ಸವೆದಾವಂತೆ. ಅಮಾಸೆ ಕಳದ ಮೇಲೆ ಟ್ರ್ಯಾಕ್ಟರ್ ರಿಪೇರಿ ಮಾಡೋ ಕತ್ತಲಗೆರೆ ದುರುಗಪ್ಪ ನಿಮ್ಮ ಮನೆ ಮುಂದೇನೇ ಹೊಸವು ಹಾಕ್ತಾನಂತೆ, ನೀನು ಸ್ಪ್ಯಾನರ್ ಎತ್ತಿ ಕೊಡ್ತೀಯಂತೆ. ಅವನ ಮಾತೇ ಒಂದೂವರೆ ಪುಟ ಐತೆ. ಮಾಘದಾಗೆ ನಿನ್ನ ಲಗ್ನ ಆಗಾಕೆ ಇರೋ ನನಗೆ ‘ಕ್ಷೇಮವೇ’ ಅಂತ ಒಂದೇ ಸಾಲು.

ಆ ಶಾಕಬ್ಸರ್ ಸುತ್ತ ಇರೋ ಸ್ಪ್ರಿಂಗಿಗೆ ಕ್ಲಾಂಪ್ ಹಾಕಿ ಅದುಮದೆ ಮೇಲಿನ ನಟ್ಟು ಬಿಚ್ಚಾಕೆ ಹೋದ್ರೆ ಅದು ಹಾರಿ ಮುಖ ಒಡೀತೈತೆ. ಟ್ರ್ಯಾಕ್ಟರಿಗೆ ಇಂಥ ಸ್ಪ್ರಿಂಗ್ ಇರಲ್ಲ, ಅವನಿಗೆ ಗೊತ್ತಿರಲ್ಲ. ಹೇಳೋದೇ ಬ್ಯಾಡ ಅಂತ ಊಟದವರೆಗೂ ಸುಮ್ನಿದ್ದೆ. ಆಮೇಲೆ ಪಕ್ಕದಾಗೆ ನೀನೇ ನಿಂತಿರ್ತೀಯ ಅಂತ ಹೊಳೀತು.

ನಟ್ಟಿನ ಮಾತಷ್ಟೇ ಅವನಿಗೆ ಹೇಳು. ಸ್ಪ್ಯಾನರ್ ಮಾವ ಕೊಡ್ಲಿ.

ನಿನ್ನ
ಉಚ್ಚಂಗೆಪ್ಪ

ಭಾನುವಾರ ಬೆಳಗ್ಗೆ ಹತ್ತಕ್ಕೆ ಮಾವನ ಅಂಗಡಿಗೆ ಫೋನ್ ಮಾಡ್ತೀನಿ, ನೀನೇ ಎತ್ತು.