ಸಮುದ್ರ ದಾಟದ ನೇಮ

ಉಗಾರ ಬುದ್ರುಕ
೧೧-೯-೨೦೨೫

ಮಗಳು ತ್ರಿಶಲಾಗೆ,

ಫೋನಿನಲ್ಲಿ ಮೂರು ಸಲ ಬಾಯಿ ತೆರೆದು, ಮೂರು ಸಲವೂ ಮಳೆಯ ಸುದ್ದಿ ಹೇಳಿ ಇಟ್ಟುಬಿಟ್ಟ ನಿನ್ನ ಅವ್ವನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ಹೀಗೆ ಬರೆಯುವುದು ರೂಢಿ ಅಂತ ಬರೆದೆ, ಎಷ್ಟು ಚೆನ್ನಾಗಿದ್ದೇವೆ ಅನ್ನುವುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಈಗಿನ ಕಾಲದಲ್ಲಿ ಕಾಗದ ಬರೆದಿದ್ದಾಳಲ್ಲ, ಇವಳಿಗೇನು ಹುಚ್ಚು ಹಿಡಿಯಿತೇ ಅಂತ ನಗುತ್ತೀ. ನಗು. ಫೋನು ಮಾಡಿದರೆ ನೀನು ಕಾರಿನಲ್ಲಿರುತ್ತೀ, ನನ್ನ ಮಾತು ಅಳಿಯ ಶ್ರೇಣಿಕರಿಗೂ ಕೇಳುತ್ತದೆ, ಹಿಂದೆ ಕೂತ ನಿನ್ನ ಅತ್ತೆಯವರಿಗೂ ಕೇಳುತ್ತದೆ. ಇದನ್ನು ಮೊದಲು ನಿನ್ನೊಬ್ಬಳಿಗೇ ಹೇಳಬೇಕು. ಆಮೇಲೆ ಯಾರಿಗೆ ಹೇಳುವುದು, ಯಾರಿಗೆ ಬಿಡುವುದು ನಿನಗೆ ಸೇರಿದ್ದು.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಡಿಸೆಂಬರಿನ ಐದು ದಿನದ ಹಡಗಿನ ಪ್ರವಾಸದಲ್ಲಿ ನಮ್ಮನ್ನು ನೆಲಕ್ಕೆ ಇಳಿಸುವ ಎರಡು ದಿನ ಏನೇನು ನೋಡಬೇಕು ಅನ್ನುವುದನ್ನು ಇಪ್ಪತ್ತನೇ ತಾರೀಖಿನೊಳಗೆ ತಿಳಿಸಬೇಕು ಅಂದಿದ್ದೀ. ಲಕ್ಷದ್ವೀಪದ ಅಗತ್ತಿಯಲ್ಲಿ ಗಾಜಿನ ತಳದ ದೋಣಿಗೆ ಹೆಸರು ಬರೆಸು. ಬೆಳಗಿನ ಸರದಿ ಬೇಡ, ಹನ್ನೊಂದರ ಮೇಲಿನದು ಇರಲಿ, ಬಿಸಿಲು ನೆತ್ತಿಗೆ ಬಂದಾಗ ನೀರಿನ ತಳದವರೆಗೂ ಕಾಣುತ್ತದಂತೆ. ದೋಣಿಯಿಂದ ಇಳಿದ ಮೇಲೆ ಊರೊಳಗೆ ಹೋಗಿ ಅಲ್ಲಿಯ ಹೆಂಗಸರು ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಅಂತ ನೋಡಬೇಕು. ಸುತ್ತಲೂ ಉಪ್ಪುನೀರು, ನಡುವೆ ಬಾವಿಯ ನೀರು ಸಿಹಿಯಾಗಿ ಹೇಗಿರುತ್ತದೆ ಅಂತ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ್ದರಿಂದ ನಾಲ್ಕಕ್ಕೆಲ್ಲ ಹಡಗಿಗೆ ಮರಳಬೇಕು. ಕೊಚ್ಚಿಯಲ್ಲಿ ಬಾಜಾರ ಸುತ್ತುವುದು ಬೇಡ. ಅಲ್ಲೊಂದು ಜೈನ ಮಂದಿರ ಇದೆಯಂತೆ, ಮಧ್ಯಾಹ್ನ ಪಾರಿವಾಳಗಳಿಗೆ ಕಾಳು ಹಾಕುತ್ತಾರಂತೆ. ಅಲ್ಲಿಗೆ ಹೋಗಿ ಬಂದರೆ ಸಾಕು.

ಇಷ್ಟು ಅಚ್ಚುಕಟ್ಟಾಗಿ ಯೋಚನೆ ಮಾಡುವ ತಲೆ ನನ್ನದಲ್ಲ ಅಂತ ನಿನಗೆ ಗೊತ್ತು. ನನ್ನ ತಲೆಯಲ್ಲಿದ್ದದ್ದು ಯಾವ ದಿನ ಯಾವ ಸೀರೆ ಅನ್ನುವುದೊಂದೇ. ಇದೆಲ್ಲ ನಿನ್ನ ದೊಡ್ಡವ್ವ ಹಾಕಿದ ಲೆಕ್ಕಾಚಾರ. ನನ್ನ ಅಕ್ಕ ರಾಜಮತಿ, ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು, ನಿನ್ನನ್ನು ಹೆತ್ತ ನನಗಿಂತ ಹೆಚ್ಚು ಎತ್ತಿ ಆಡಿಸಿದವಳು. ಹಡಗು ಹತ್ತದವಳು ಹಡಗಿನ ಲೆಕ್ಕ ಯಾಕೆ ಹಾಕಿದಳು ಅಂತ ನೀನು ಕೇಳಬಹುದು. ಅದನ್ನೇ ಹೇಳಲು ಕೂತಿದ್ದೇನೆ.

ಫೆಬ್ರುವರಿಯಲ್ಲಿ ನೀನು ಹಡಗಿನ ಫೋಟೊ ಕಳಿಸಿ, ಅವ್ವ, ದೊಡ್ಡವ್ವ, ನಮ್ಮ ಅತ್ತೆ, ಮೂವರಿಗೂ ಒಂದೇ ಕೋಣೆ ಅಂದಾಗ ಅಕ್ಕ ಎರಡು ದಿನ ನಂಬಲಿಲ್ಲ. ನಂಬಿದ ಮೇಲೆ ನನ್ನನ್ನು ಕೂರಲು ಬಿಡಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದದ್ದೇ ತಡ, ನನ್ನ ಫೋನು ಹಿಡಿದು, ಕನ್ನಡಕ ಏರಿಸಿ, ದ್ವೀಪದ ಚಿತ್ರ ತೆಗೆ ಅನ್ನುತ್ತಿದ್ದಳು. ಐದು ದಿನಕ್ಕೆ ಎಷ್ಟು ಖಡಕ್ ರೊಟ್ಟಿ ಬೇಕು, ಶೇಂಗಾ ಹೋಳಿಗೆ ಹಡಗಿನ ಗಾಳಿಗೆ ಮೆತ್ತಗಾಗುತ್ತದೋ ಇಲ್ಲವೋ, ಎಲ್ಲದರ ಚರ್ಚೆ ಆಯಿತು. ನಿಮ್ಮಪ್ಪ ಕೃಷ್ಣಾ ನದಿಯ ಸೇತುವೆ ದಾಟುವಾಗಲೇ ಕಣ್ಣು ಮುಚ್ಚುವವರು, ನಮ್ಮಿಬ್ಬರ ಮಾತು ಕೇಳಿ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ದಿನ ಅಕ್ಕ ಗಾಜಿನ ದೋಣಿಯ ಚಿತ್ರ ಎಷ್ಟೋ ಹೊತ್ತು ನೋಡಿ, “ಕುಸುಮಾ, ಮೀನ ಅಂದ್ರ ನಾವು ಬಾಜಾರದಾಗ ಸತ್ತದ್ದ ನೋಡೇವಿ, ಇಲ್ಲಂದ್ರ ಹೊಳಿ ದಂಡ್ಯಾಗ ಬಲಿಯೊಳಗ ಒದ್ದಾಡೋದ ನೋಡೇವಿ. ತನ್ನ ಪಾಡಿಗೆ ತಾ ಆಡೋ ಮೀನ ಒಮ್ಮೆ ಕಣ್ಣತುಂಬ ನೋಡಬೇಕು ನೋಡ” ಅಂದಳು. ಅರವತ್ತಾರು ವರ್ಷದಲ್ಲಿ ಅವಳು ತನಗಾಗಿ ಬೇಕು ಅಂದ ಮೊದಲ ಮಾತು ಅದು. ನಾನು ನಕ್ಕು ತಮಾಷೆ ಮಾಡಿದೆ.

ಈಗ ನಿನ್ನ ಮನೆಯ ವಾಸ್ತುಶಾಂತಿಯ ದಿನ ನೆನೆಸಿಕೊ. ಪುಣೆಯಲ್ಲಿ ಎಲ್ಲರನ್ನೂ ಆ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದಿರಿ. ಅಕ್ಕ ಚೀಲದಿಂದ ತನ್ನ ಬಿಳಿ ಬಟ್ಟೆ ತೆಗೆದು, ಬಾಟಲಿಯ ನೀರನ್ನು ತಂಬಿಗೆಗೆ ಗಾಳಿಸತೊಡಗಿದಳು. ನಿನ್ನ ಅತ್ತೆಯವರೂ ಜೈನರೇ, ಆದರೆ ಪುಣೆಯ ಜೈನರು. “ಅಹೋ, ಸೀಲಬಂದ್ ಆಹೇ ತೀ ಬಾಟಲಿ” ಅಂದರು, ಸೀಲು ಒಡೆಯದ ಬಾಟಲಿ ಅಂತ. ಅಕ್ಕ ಅಷ್ಟೇ ನಿಧಾನವಾಗಿ, “ಸೀಲ್ ಮಾಡಿದವ್ರು ಗಾಳಿಸೇವಿ ಅಂತ ಅದರ ಮ್ಯಾಲ ಬರದಾರೇನ್ರಿ?” ಅಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ, ಪ್ರೀತಿಯಿಂದ ನಕ್ಕೆ. ನಾನೂ ನಕ್ಕೆ, ಆದರೆ ಮುಖ ಸುಡುತ್ತಿತ್ತು. ಆಮೇಲೆ ಅವಳು ಬಡಿಸುವವನನ್ನು ಕರೆದು ಈ ಊರಿನಲ್ಲಿ ಹೊತ್ತು ಎಷ್ಟಕ್ಕೆ ಮುಳುಗುತ್ತದೆ, ಪಲ್ಯದಲ್ಲಿ ಉಳ್ಳಾಗಡ್ಡಿ ಇದೆಯೋ ಅಂತ ಪಕ್ಕದ ಟೇಬಲ್ಲಿನವರಿಗೂ ಕೇಳುವಂತೆ ವಿಚಾರಿಸಿದಳು. ನಿನ್ನ ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಗ ನಾನು ಮಾಡಿದ್ದು ಕೇಳು, ನಾನೂ ಹುಬ್ಬು ಹಾರಿಸಿದೆ. ನನ್ನ ಅಕ್ಕನ ಮೇಲೆ ಬೀಗತಿಯ ಜೊತೆ ಸೇರಿ.

ಕಾರಹುಣ್ಣಿಮೆ ಮುಗಿದ ವಾರ ನೀನು ಫೋನು ಮಾಡಿ, ದ್ವೀಪಕ್ಕೆ ಹೋಗಲು ಪರವಾನಗಿ ಬೇಕು, ಇಬ್ಬರ ಆಧಾರ್ ಕಾರ್ಡಿನ ಫೋಟೊ ಕಳಿಸು ಅಂದೆ. ಹಿಂದಿನಿಂದ ನಿನ್ನ ಅತ್ತೆಯವರ ದನಿ ಕೇಳಿಸಿತು, “ತ್ಯಾ ಪಣ ಯೇಣಾರ್?” ಅಂತ. ಅವರೂ ಬರುತ್ತಾರಾ ಅಂತ ಕೇಳಿದರು, ಅಷ್ಟೇ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಐದು ದಿನ, ಒಂದೇ ಕೋಣೆ, ಆ ಗಾಳಿಸುವ ಬಟ್ಟೆ ಕಿಟಕಿಗೆ ಒಣಗಲು ಹಾಕಿದ್ದು, ಬೀಗತಿಯ ಹುಬ್ಬು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. “ಅಕ್ಕ ಬರೂದಿಲ್ಲವಾ. ಸಮುದ್ರ ದಾಟೂದಿಲ್ಲಂತ ನೇಮ ತಗೊಂಡಾಳ” ಅಂದುಬಿಟ್ಟೆ.

ತ್ರಿಶಲಾ, ಅಕ್ಕ ಆಗ ಯಾವ ನೇಮವನ್ನೂ ತೆಗೆದುಕೊಂಡಿರಲಿಲ್ಲ. ಅದು ನಾನು ಹುಟ್ಟಿಸಿದ ಸುಳ್ಳು. ನಮ್ಮವರಲ್ಲಿ ನೇಮ ಅಂದರೆ ಯಾರೂ ಮರುಮಾತು ಕೇಳುವುದಿಲ್ಲ, ಅದಕ್ಕೇ ಆ ಸುಳ್ಳು ನಾಲಿಗೆಗೆ ಅಷ್ಟು ಸಲೀಸಾಗಿ ಬಂತು. ಧರ್ಮವನ್ನು ನೆವ ಮಾಡಿಕೊಂಡ ಹೆಂಗಸು ನಿನ್ನ ಅವ್ವ. ಹಡಗಿನಲ್ಲಿ ಅಕ್ಕನ ಹಾಸಿಗೆಯನ್ನು ನೀನು ನಿನ್ನ ಅತ್ತೆಯ ತಂಗಿಗೆ ಕೊಟ್ಟೆ. ನಿನ್ನ ತಪ್ಪೇನೂ ಇಲ್ಲ.

ನೀನು ಬಿಡುವವಳಲ್ಲ, ಎರಡು ದಿನ ಬಿಟ್ಟು ನೇರ ಅವಳಿಗೇ ಫೋನು ಮಾಡಿದೆ. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ನೀನು ಏನು ಕೇಳಿದೆ ಅನ್ನುವುದು ಅವಳ ಮುಖ ನೋಡಿ ಗೊತ್ತಾಯಿತು. ಅವಳು ನನ್ನ ಕಡೆ ನೋಡಿದಳು. ನಾನು ಹಿಟ್ಟಿನ ಕಡೆ ನೋಡಿದೆ. “ಹೌದವಾ, ತಗೊಂಡೇನಿ. ನೀವು ಹೋಗಿ ಬರ್ರಿ” ಅಂದಳು. ಫೋನು ಇಟ್ಟು, ನನ್ನ ಪಕ್ಕದಲ್ಲಿ ಕೂತು, ಏನೂ ಆಗದವಳಂತೆ ರೊಟ್ಟಿ ಬಡಿದಳು. ಸಂಜೆ ನಾನೇ ತಡೆಯಲಾರದೆ ಯಾಕೆ ಹಾಗಂದೆ ಅಂತ ಕೇಳಿದೆ. “ಮತ್ತೇನ ಅನ್ನಲಿ? ನಿಮ್ಮವ್ವ ಸುಳ್ಳ ಹೇಳ್ಯಾಳ ಅನ್ಲೇನು? ನಾಳೆ ಅಕಿ ನಿನ್ನ ಮಾತ ಹೆಂಗ ನಂಬಬೇಕು?” ಅಂದಳು. ಒಲೆ ಒರೆಸುತ್ತಾ, “ಆದ್ರ ನಾ ಕೂಸಿಗೆ ಸುಳ್ಳ ಹೇಳಿದ್ನಲ್ಲ ಕುಸುಮಾ. ಅದನ್ನ ಇನ್ನ ಖರೇ ಮಾಡಬೇಕು” ಅಂದಳು.

ನಾನು ಮಾತಿಗೆ ಅಂದಳು ಅಂದುಕೊಂಡೆ. ಅವಳು ಮಾತಿಗೆ ಮಾತು ಆಡುವವಳಲ್ಲ ಅಂತ ಹುಟ್ಟಿದಾಗಿನಿಂದ ಗೊತ್ತಿದ್ದೂ ಹಾಗಂದುಕೊಂಡೆ. ಅವತ್ತಿನಿಂದ ಅವಳು ದಿನಕ್ಕೆ ಒಂದೇ ಹೊತ್ತು ಉಂಡಳು. ಕೇಳಿದರೆ ಹೊಟ್ಟೆ ಭಾರ ಅನ್ನುತ್ತಿದ್ದಳು. ಹೀಗೆ ಒಂದು ತಿಂಗಳು, ಚಾತುರ್ಮಾಸಕ್ಕೆ ಮುನಿ ಮಹಾರಾಜರು ನಮ್ಮ ಬಸದಿಗೆ ಬರುವ ತನಕ. ಆ ತಿಂಗಳಲ್ಲಿ ಯಾವ ದಿನ ಬೇಕಾದರೂ ನಾನು ನಿನಗೆ ಫೋನು ಮಾಡಿ ನಿಜ ಹೇಳಬಹುದಿತ್ತು. ಫೋನು ಮಾಡಿದೆ, ಹಡಗಿನಲ್ಲಿ ಸ್ವೆಟರ್ ಬೇಕಾಗುತ್ತದಾ ಅಂತ ಕೇಳಿದೆ.

ಮಹಾರಾಜರು ಬಂದ ವಾರದಲ್ಲಿ ಅಕ್ಕ ಬಸದಿಗೆ ಹೋಗಿ, ಅವರ ಮುಂದೆ ತೆಂಗಿನಕಾಯಿ ಇಟ್ಟು, ಜೀವ ಇರುವ ತನಕ ಸಮುದ್ರದ ಮೇಲೆ ಹೋಗುವುದಿಲ್ಲ ಅಂತ ನೇಮ ತೆಗೆದುಕೊಂಡಳು. ಆ ದಿನ ನಾನು ಬಸದಿಗೆ ಹೋಗಿರಲಿಲ್ಲ, ಮೊಣಕಾಲು ಹಿಡಿದಿತ್ತು. ಅವಳು ಮನೆಗೆ ಬಂದು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಮಹಾರಾಜರಿಗೆ ನಡೆದದ್ದು ಹೇಳಿ ಬಿಡಿಸಿಕೊಂಡು ಬರೋಣ ಅಂದೆ. “ನೇಮ ಅಂದ್ರ ಸೀರಿ ಏನು, ಮನಸ್ಸ ಬಂದಾಗ ಬದಲಿ ಮಾಡಾಕ?” ಅಂದಳು. ದಾಟಬಾರದು ಅಷ್ಟೇ ತಾನೇ, ಗೋವಾಕ್ಕೆ ಹೋಗಿ ದಂಡೆಯಲ್ಲಿ ನಿಂತು ನೋಡೋಣ ಅಂದೆ. “ದಂಡ್ಯಾಗ ನಿಂತ ಏನ ನೋಡ್ಲಿ, ಬರೇ ನೀರ ನೋಡಾಕ ನಮ್ಮ ಹೊಳಿ ಇಲ್ಲೇನು?” ಅಂದಳು. ಮುನಿಸಿಕೊಂಡಿದ್ದರೆ ಕಾಲಿಗೆ ಬಿದ್ದು ಮುಗಿಸುತ್ತಿದ್ದೆ. ಅವಳು ಮುನಿಸಿಕೊಳ್ಳಲೇ ಇಲ್ಲ. ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದಿಟ್ಟಿದ್ದ ಆ ಎರಡು ದಿನಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ನೀ ನೋಡಿ ಬಂದ ಹೇಳ. ಛಂದಂಗಿ ಹೇಳ, ಅರ್ಧಾ ಮರ್ತ ಬರಬ್ಯಾಡ” ಅಂದಳು.

ಇಷ್ಟಾದ ಮೇಲೂ ನಾನು ಏನು ಮಾಡಿದೆ ಗೊತ್ತೇ? ಉಸುಕಿನಲ್ಲಿ ನಡೆಯಲು ಬೇಕು ಅಂತ ಅಥಣಿಗೆ ಹೋಗಿ ಹೊಸ ಚಪ್ಪಲಿ ತಂದೆ. ಬಣ್ಣ ಒಪ್ಪಲಿಲ್ಲ ಅಂತ ಮರುದಿನ ಹೋಗಿ ಬದಲಿಸಿಕೊಂಡೂ ಬಂದೆ. ನಾಚಿಕೆಗೆಟ್ಟವಳು ಅಂತ ಬೇರೆಯವರನ್ನು ಎಷ್ಟು ಸಲ ಬೈದಿದ್ದೇನೋ.

ಮೊನ್ನೆ ಸೋಮವಾರ ಕ್ಷಮಾವಾಣಿ. ನಿನಗೆ ಗೊತ್ತೇ ಇದೆ, ಆ ದಿನ ಊರಿಗೆ ಊರೇ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತದೆ. ಹಾಲಿನವನಿಗೂ ಕೇಳಿದೆ, ಎದುರುಮನೆಯವರಿಗೂ ಕೇಳಿದೆ. ಅಕ್ಕನ ಹತ್ತಿರ ಹೋಗಲು ಮಾತ್ರ ಕಾಲು ಏಳಲಿಲ್ಲ. ಕೊನೆಗೆ ಅವಳೇ ಬಂದಳು. ಹಿರಿಯಳು, ನನ್ನ ಎರಡೂ ಕೈ ಹಿಡಿದು, “ಕುಸುಮಾ, ನನ್ನಿಂದ ನಿನ್ನ ಮನಸ್ಸಿಗೆ ಏನರ ನೋವ ಆಗಿದ್ದರ ಕ್ಷಮಾ ಮಾಡವಾ” ಅಂದಳು. ನಾನು ಹಾಲಿನವನಿಗೆ ಹೇಳಿದ ಮಾತನ್ನೇ ಹೇಳಿದೆ, ನನ್ನದೂ ಕ್ಷಮಾ ಇರಲಿ ಅಂತ. “ಅವತ್ತ ಮಾಡೇನಿ” ಅಂದು ಒಳಗೆ ಹೋದಳು. ನಾನು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ತ್ರಿಶಲಾ, ಹಡಗಿನ ಪಟ್ಟಿಯಿಂದ ನನ್ನ ಹೆಸರು ತೆಗೆಸು. ನೀವು ಹೋಗಿ ಬನ್ನಿ, ದೊಡ್ಡವ್ವನ ಪಟ್ಟಿಯಂತೆ ತಿರುಗಾಡಿ, ಮೀನು ಹೇಗಿದ್ದವು ಅಂತ ನೀನೇ ಬಂದು ಅವಳಿಗೆ ಹೇಳು. ನಾನು ಹೋಗಿ ನೋಡಿ ಬಂದು ಅವಳ ಮುಂದೆ ಕೂತು ವರ್ಣನೆ ಮಾಡಲಾರೆ. ಕುಸುಮಮ್ಮ ಯಾಕೆ ಬರಲಿಲ್ಲ ಅಂತ ನಿನ್ನ ಅತ್ತೆಯವರು ಕೇಳಿದರೆ ನೇಮ, ಮೊಣಕಾಲು ಅಂತ ಏನೂ ಹೇಳಬೇಡ. ಇದ್ದದ್ದು ಇದ್ದಂತೆ ಹೇಳು. ಅವರು ಹುಬ್ಬು ಹಾರಿಸಿದರೆ ಹಾರಿಸಲಿ, ಈ ಸಲ ಅದು ಸಲ್ಲಬೇಕಾದವಳಿಗೇ ಸಲ್ಲುತ್ತದೆ.

ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೊ. ಫೋನು ಮಾತ್ರ ಮಾಡುವುದು ಬಿಡಬೇಡ.

ನಿನ್ನ ಅವ್ವ,
ಕುಸುಮ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇದರಲ್ಲಿಯೂ ಒಂದು ಸುಳ್ಳು ಬರೆದಿದ್ದೇನೆ. ಆ ದಿನ ನನ್ನ ಮೊಣಕಾಲು ಚೆನ್ನಾಗಿಯೇ ಇತ್ತು. ನಾನು ಬಸದಿಯಲ್ಲಿದ್ದೆ, ಅಕ್ಕನ ಪಕ್ಕದಲ್ಲೇ ಕೂತಿದ್ದೆ. ಏನು ನೇಮ ಬೇಕಮ್ಮ ಅಂತ ಮಹಾರಾಜರು ಕೇಳಿದಾಗ ಅವಳು ಎದ್ದು ನಿಂತಳು. ತಿರುಗಿ ನನ್ನ ಮುಖ ನೋಡಿದಳು. ಅವಳು ಕಾಯುತ್ತಿದ್ದಳು. “ಅಕ್ಕಾ, ಬ್ಯಾಡ” ಅಂತ ಒಂದು ಮಾತು ಅಂದಿದ್ದರೆ ಅವಳು ಕೂತುಬಿಡುತ್ತಿದ್ದಳು. ನಾನು ಅನ್ನಲಿಲ್ಲ. ಅವಳು ಮುಂದೆ ತಿರುಗಿ ನೇಮ ಹೇಳಿಸಿಕೊಂಡಳು, ಎಲ್ಲರೂ ನಮೋಸ್ತು ಅಂದರು, ಎಲ್ಲರಿಗಿಂತ ಜೋರಾಗಿ ನಾನು ಅಂದೆ. ಆಗ ನನಗೆ ಅಳು ಬರಲಿಲ್ಲ ಮಗಳೇ, ನಿರಾಳವಾಯಿತು. ಇನ್ನು ನನ್ನ ಸುಳ್ಳು ಯಾರ ಕೈಗೂ ಸಿಕ್ಕುವುದಿಲ್ಲ ಅಂತ.