ಆರಾಗಿ ಕಂಡ ಮೂರು ತಂತಿ

ನನ್ನ ಪ್ರತಿಪಕ್ಷವೇ,

ಈ ಹೆಸರಿನಿಂದ ನಿನ್ನನ್ನು ಕರೆದು ಏಳು ತಿಂಗಳಾಯಿತು. ಈ ಕಾಗದವನ್ನು ಬೆಳಗಿನಿಂದ ಮೂರು ಸಲ ಆರಂಭಿಸಿದ್ದೇನೆ. ಒಂದು ಸಾಲು ಬರೆಯುವುದು, ಎದ್ದು ಅಂಗಡಿಗೆ ಹೋಗುವುದು, ಒರೆಸಿದ ಗಾಜಿನ ಕಪಾಟನ್ನೇ ಮತ್ತೆ ಒರೆಸುವುದು, ಹಿಂಬಾಗಿಲಿನಿಂದ ಮನೆಯೊಳಗೆ ಬರುವುದು, ಮತ್ತೆ ಕೂರುವುದು. ಇಂದು ವಾರದ ರಜೆ. ಅಂಗಡಿಯ ಬಾಗಿಲು ಅರ್ಧ ಇಳಿಸಿದೆ. ನಿನ್ನ ತಾಯಿ ಒಮ್ಮೆ ಇಣುಕಿ, "ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?" ಎಂದು ಕೇಳಿ ಹೋದಳು. ನಾನು ಪೆನ್ನಿನ ಮುಚ್ಚಳ ತೆಗೆದೆ. ಉತ್ತರವಿಲ್ಲದೆ ನಾನು ಸುಮ್ಮನಿರುವುದು ಅವಳಿಗೆ ಇನ್ನೂ ಅಭ್ಯಾಸವಾಗಿಲ್ಲ.

ಆ ಹೆಸರು ನಿನಗೆ ಬಂದ ದಿನ ನಿನಗೆ ಹನ್ನೊಂದು ವರ್ಷ. ಊಟದ ಮೇಜಿನ ಮುಂದೆ ನೀನು ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತು, "ಅಧ್ಯಕ್ಷರೇ, ನನಗೂ ಮೂರು ನಿಮಿಷ ಬೇಕು" ಎಂದೆ. ವಿಷಯ: ಬೆಳಕು ಮೇಲೋ, ಶಬ್ದ ಮೇಲೋ. ಕನ್ನಡಕ ಮಾಡಿ ಬದುಕುವ ನಾನು ಸಹಜವಾಗಿ ಬೆಳಕಿನ ಪರ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ಪಾರಿತೋಷಕವನ್ನು ಮೂರು ವರ್ಷ ಒಬ್ಬನೇ ಮನೆಗೆ ತಂದವನು ಮಗುವೆಂದು ರಿಯಾಯಿತಿ ಕೊಡಲಿಲ್ಲ. ಸೂರ್ಯನಿಂದ ಹೊರಟ ಬೆಳಕು ಏನೂ ಇಲ್ಲದ ಬಯಲನ್ನು ಎಂಟು ನಿಮಿಷದಲ್ಲಿ ದಾಟಿ ಬರುತ್ತದೆ, ನಿನ್ನ ಶಬ್ದ ಗಾಳಿಯ ಕೈಹಿಡಿಯದೆ ಒಂದು ಗೇಣೂ ಕದಲಲಾರದು, ಎಂದೆ. ನೀನು ತುಟಿ ಕಚ್ಚಿ ಯೋಚಿಸಿ, ಅಡುಗೆಮನೆಯ ಕಡೆ ಬೆರಳು ತೋರಿಸಿದೆ. "ಅಲ್ಲಿಂದ ಅಮ್ಮ ಕರೆದ್ರೆ ಇಲ್ಲಿಗೆ ಕೇಳುತ್ತೆ. ಅಲ್ಲಿರೋ ದೀಪ ಇಲ್ಲಿಗೆ ಕಾಣುತ್ತಾ? ಒಂದು ಮೂಲೆ ತಿರುಗೋಕೂ ಬರಲ್ಲ, ಅದೆಂಥ ದೊಡ್ಡ ಬೆಳಕು?"

ನಾನೂ ಕುರ್ಚಿ ಹಿಂದೆ ತಳ್ಳಿ ಎದ್ದೆ. ಬೆಳಕೂ ಮೂಲೆಯಲ್ಲಿ ಬಾಗುತ್ತದೆ, ಆದರೆ ಒಂದು ಮಿಲಿಮೀಟರಿನೊಳಗೆ ಅದರ ಎರಡು ಸಾವಿರ ಅಲೆಗಳು ಹಿಡಿಸುವುದರಿಂದ ಆ ಬಾಗು ಕಣ್ಣಿಗೆ ಬೀಳದು. ಶಬ್ದದ ಅಲೆ ಬಾಗಿಲಿನಷ್ಟೇ ಉದ್ದವಿರುವುದರಿಂದ ಬಾಗಿಲನ್ನು ಬಳಸಿಕೊಂಡು ಬರುತ್ತದೆ, ಎಂದು ಖಂಡಿಸಿದೆ. ನಿನ್ನ ತಾಯಿ ತಟ್ಟೆಗೆ ಸೌಟು ಬಡಿದಳು. "ಸಮಯ ಮುಗೀತು. ಬೆಳಕು ಗೆದ್ರೂ ಶಬ್ದ ಗೆದ್ರೂ ಪಾತ್ರೆ ತೊಳೆಯೋಳು ನಾನೇ. ತಿನ್ನಿ ಇಬ್ರೂ." ವಿಜಯಿ ನಾನೆಂದು ನಾನೇ ಘೋಷಿಸಿಕೊಂಡೆ. ನೀನು ಸೋಲನ್ನು ಒಪ್ಪಲಿಲ್ಲ. ಹದಿನೈದು ವರ್ಷ ಕಾದು, ಪಿಯಾನೊಗಳ ಶ್ರುತಿ ಸರಿಪಡಿಸುವ ಕೆಲಸ ಹಿಡಿದು ಶಬ್ದದ ಪಕ್ಷಕ್ಕೇ ಸೇರಿಹೋದೆ.

ನೀನು ಕೆಲಸ ಮಾಡುವುದನ್ನು ನಾನು ನೋಡಿದ್ದು ಒಂದೇ ಸಲ. ಸಂಗೀತಶಾಲೆಯ ಖಾಲಿ ಸಭಾಂಗಣ, ಮುಚ್ಚಳ ತೆಗೆದ ಪಿಯಾನೊ. ಒಂದು ಸ್ವರಕ್ಕೆ ಮೂರು ತಂತಿ ಇರುತ್ತದೆಂದು ನನಗೆ ಗೊತ್ತಾದದ್ದು ಅಂದು. ಒಂದನ್ನು ಬಟ್ಟೆಯ ಪಟ್ಟಿ ತುರುಕಿ ಮೌನವಾಗಿಸಿ, ನೀನು ಉಳಿದೆರಡನ್ನು ನುಡಿಸಿದೆ. "ಕಣ್ಣು ಮುಚ್ಚಿ ಕೇಳಿ ಅಪ್ಪ. ಸ್ವರ ಉಬ್ಬಿ ಇಳಿದು, ಉಬ್ಬಿ ಇಳಿದು ಮಾಡ್ತಿದೆಯಲ್ಲ? ಒಂದು ತಂತಿ ಸೆಕೆಂಡಿಗೆ ನಾನ್ನೂರ ನಲವತ್ತು ಸಲ ನಡುಗುತ್ತೆ, ಇನ್ನೊಂದು ನಾನ್ನೂರ ನಲವತ್ಮೂರು. ಆ ಮೂರರ ಜಗಳ ನಿಮಗೆ ಕೇಳಿಸ್ತಿರೋದು." ತಂತಿ ಬಿಗಿಸುವ ಕೀಲಿಯನ್ನು ನೀನು ಕೂದಲೆಳೆಯಷ್ಟು ತಿರುಗಿಸಿದೆ. ಏರಿಳಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಎರಡು ತಂತಿ ಒಂದೇ ಸ್ವರವಾಗಿ ನಿಂತಾಗ ನಿನ್ನ ಮುಖದಲ್ಲಿದ್ದ ನೆಮ್ಮದಿ ನನ್ನ ಅಂಗಡಿಯಲ್ಲಿ ಯಾವ ಗಿರಾಕಿಯ ಮುಖದಲ್ಲೂ ಕಂಡದ್ದಲ್ಲ. ನಾನು ಚೆನ್ನಾಗಿದೆ ಎನ್ನಬೇಕಿತ್ತು. "ಇದೇ ಕೆಲಸವನ್ನು ಈಗ ಯಂತ್ರ ಮಾಡುತ್ತದಂತಲ್ಲ?" ಎಂದೆ. ನೀನು ನಕ್ಕು, "ಲೆನ್ಸನ್ನೂ ಯಂತ್ರನೇ ಕತ್ತರಿಸುತ್ತೆ ಅಧ್ಯಕ್ಷರೇ, ನೀವ್ಯಾಕೆ ಇನ್ನೂ ಅಂಗಡಿ ತೆಗೀತೀರಿ?" ಎಂದೆ.

ಇಲ್ಲಿಗೆ ನಿಲ್ಲಿಸಿ ಮತ್ತೆ ಎದ್ದು ಹೋಗಿದ್ದೆ. ಈಗ ಬಂದೆ. ಹೇಳಬೇಕಾದದ್ದು ಇದಲ್ಲವೆಂದು ನನಗೆ ಗೊತ್ತು.

ನಿನ್ನ ಕನ್ನಡಕಗಳನ್ನೆಲ್ಲ ಮಾಡಿದವನು ನಾನು. ಏಳನೆಯ ವಯಸ್ಸಿನ ಕೆಂಪು ಫ್ರೇಮಿನಿಂದ ಕೊನೆಯ ಕಪ್ಪು ಫ್ರೇಮಿನವರೆಗೆ ಬೇರೆ ಕೈ ಮುಟ್ಟಿಲ್ಲ. ಆ ಕಪ್ಪು ಫ್ರೇಮನ್ನು ಹಾಕಿಕೊಂಡು ಎರಡು ವಾರವಾದ ಮೇಲೆ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದಾಗ ನೀನು ಬಂದೆ. "ಅಪ್ಪ, ನಾಲ್ಕು ದಿನದಿಂದ ಎರಡೆರಡು ಕಾಣ್ತಿದೆ. ಮೂರು ತಂತಿ ಇರೋ ಕಡೆ ಆರು ಕಾಣುತ್ತೆ. ನಿಮ್ಮ ಲೆನ್ಸ್ ಸೆಂಟರ್ ತಪ್ಪಿರಬೇಕು." ನಾನು ಹೇಳಿದ್ದು: "ಒಂದು ಪಿಯಾನೊಗೆ ಎರಡು ಪಿಯಾನೊ ಸಿಕ್ಕಿತು ಅನ್ನು. ಇನ್ನೇನು ಬೇಕು ನಿನಗೆ?" ಗಿರಾಕಿಗಳು ನಕ್ಕರು. ಅವರು ನಕ್ಕ ಮೇಲೆ ನನಗೆ ಹುರುಪು ಬಂತು. ಬೆರಳು ಮಡಿಸುತ್ತ ಹೇಳಿದೆ: ಹೊಸ ಪವರ್‌ಗೆ ಕಣ್ಣು ಹೊಂದಲು ಸಮಯ ಬೇಕು, ದಿನವಿಡೀ ಹೊಳೆಯುವ ತಂತಿಗಳನ್ನು ನೋಡುವವಳಿಗೆ ಪ್ರತಿಫಲನ ಸಹಜ, ಮೂವತ್ತನಾಲ್ಕು ವರ್ಷದಲ್ಲಿ ನನ್ನ ಕೈಯಲ್ಲಿ ಸೆಂಟರ್ ತಪ್ಪಿದ ಉದಾಹರಣೆ ಇದ್ದರೆ ಮುಂದಿಡು. ನೀನು ಹಣೆ ಒತ್ತಿಕೊಳ್ಳುತ್ತ ನಿಂತಿದ್ದೆ. "ಸರಿ ಅಧ್ಯಕ್ಷರೇ, ನೀವೇ ಗೆದ್ರಿ," ಎಂದು ಹೋದೆ. ನೀನು ಅಷ್ಟು ಬೇಗ ಸೋತದ್ದು ಅದೇ ಮೊದಲು. ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ.

ಆರು ದಿನಗಳ ನಂತರ, ಅದೇ ಸಭಾಂಗಣದಲ್ಲಿ, ಕೀಲಿ ಕೈಯಲ್ಲಿರುವಾಗಲೇ ನೀನು ಬಿದ್ದೆ. ಮೆದುಳಿನಲ್ಲಿ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ನೀನು ಮತ್ತೆ ಕಣ್ಣು ತೆರೆಯಲಿಲ್ಲ. ನಿನ್ನ ತಾಯಿ ನೀರು ತರಲು ಹೋದ ಹೊತ್ತಿನಲ್ಲಿ ವೈದ್ಯೆ ನನ್ನನ್ನು ಕೇಳಿದರು: "ಇತ್ತೀಚೆಗೆ ಎರಡೆರಡು ಕಾಣುತ್ತೆ ಅಂತ ಏನಾದ್ರೂ ಹೇಳ್ತಿದ್ರಾ? ಆ ಗುಳ್ಳೆ ಕಣ್ಣಿನ ನರವನ್ನ ಒತ್ತಿದ್ರೆ ಮೊದಲು ಅದೇ ಸೂಚನೆ ಕೊಡೋದು." ನಾನು "ಇಲ್ಲ" ಎಂದೆ. ಒಂದೇ ಪದ. ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ.

ಅಂದಿನಿಂದ ನಿನ್ನ ಕನ್ನಡಕ ಅಂಗಡಿಯ ಮೇಲಿನ ಡ್ರಾಯರಿನಲ್ಲಿತ್ತು. ಅದನ್ನು ಅಳೆದು ನೋಡಲು ಐದು ನಿಮಿಷ ಸಾಕು. ಏಳು ತಿಂಗಳು ನಾನು ಆ ಐದು ನಿಮಿಷವನ್ನು ತಪ್ಪಿಸಿಕೊಂಡು ತಿರುಗಿದೆ. ಏಕೆಂದು ನೀನು ಊಹಿಸಬಲ್ಲೆ. ನನ್ನ ವಾದ ಎತ್ತ ಹೋಗುತ್ತದೆಂದು ನನಗಿಂತ ಮೊದಲು ನಿನಗೆ ತಿಳಿಯುತ್ತಿತ್ತು. ಎರಡು ಲೆನ್ಸುಗಳ ಸೆಂಟರ್ ಒಂದೇ ಮಟ್ಟದಲ್ಲಿರದಿದ್ದರೆ, ಒಂದು ಕಣ್ಣಿಗೆ ಬರುವ ಬೆಳಕು ಮೇಲಕ್ಕೆ, ಇನ್ನೊಂದಕ್ಕೆ ಬರುವುದು ಕೆಳಕ್ಕೆ ಬಾಗಿ, ಒಂದು ವಸ್ತು ಎರಡಾಗಿ ಕಾಣುತ್ತದೆ. ನನ್ನ ಕೈ ತಪ್ಪಿದ್ದರೆ ಆರು ತಂತಿಗೆ ಕಾರಣ ನನ್ನ ಲೆನ್ಸು. ಆಗ ನೀನು ಹೇಳಿದ್ದು ಸೂಚನೆಯಾಗಿರಲಿಲ್ಲ, ನಾನು ಕಡೆಗಣಿಸಿದ್ದು ಒಂದು ಕೆಟ್ಟ ಕನ್ನಡಕದ ದೂರನ್ನು ಮಾತ್ರ. ಕೆಲಸದಲ್ಲಿ ಎಂದೂ ತಪ್ಪಿಲ್ಲವೆಂದು ಎದೆ ತಟ್ಟಿಕೊಂಡವನು, ಈ ಒಂದರಲ್ಲಿ ತಪ್ಪಿರಲಿ ಎಂದು ಹಂಬಲಿಸಿದೆ.

ಇಂದು ಬೆಳಿಗ್ಗೆ ಡ್ರಾಯರು ತೆಗೆದೆ. ಎಡಗಡೆಯ ಕಡ್ಡಿ ಸ್ವಲ್ಪ ಸೊಟ್ಟಗಾಗಿದೆ, ಬಿದ್ದದ್ದರ ಗುರುತು. ಬಲಗಾಜಿನ ಮೇಲೆ ನಿನ್ನ ಬೆರಳಿನ ಗುರುತು ಇನ್ನೂ ಇತ್ತು. ಅದನ್ನು ಒರೆಸದೆಯೇ ಪವರ್ ನೋಡುವ ಯಂತ್ರದಲ್ಲಿ ಇಟ್ಟೆ. ಹಸಿರು ಗೆರೆಗಳು ಚದುರಿ, ಮತ್ತೆ ಕೂಡಿ, ಸ್ಪಷ್ಟವಾದವು. ಲೆನ್ಸಿನ ಮೇಲೆ, ಸೆಂಟರ್ ಇರುವಲ್ಲಿ, ಶಾಯಿಯ ಚುಕ್ಕೆ ಬಿತ್ತು. ಇನ್ನೊಂದಕ್ಕೂ ಹಾಗೆಯೇ. ಅಳತೆಪಟ್ಟಿ ಹಿಡಿದೆ. ಚುಕ್ಕೆಗಳ ನಡುವಿನ ಅಂತರ ಅರವತ್ತೊಂದು ಮಿಲಿಮೀಟರ್. ನಿನ್ನ ಕಣ್ಣುಪಾಪೆಗಳ ನಡುವಿನ ಅಂತರ ಅರವತ್ತೊಂದು. ಎತ್ತರ ಸಮ. ಪವರ್ ಸರಿ. ಮೂರು ಸಲ ಅಳೆದೆ. ಯಂತ್ರವೇ ಕೆಟ್ಟಿರಬಹುದೆಂದು ನನ್ನ ಕನ್ನಡಕವನ್ನು ಇಟ್ಟು ನೋಡಿದೆ. ಯಂತ್ರವೂ ಸರಿ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಮಗಳೇ. ಅಂಗಡಿಯಲ್ಲಿ ಅಂದು ನಾನು ಆಡಿದ ಮಾತಿನಲ್ಲಿ ನನ್ನ ಲೆನ್ಸಿನ ಕುರಿತಾದದ್ದೆಲ್ಲ ನಿಜವಾಗಿತ್ತು.

ಎರಡೆರಡು ಕಾಣುತ್ತದೆಂದು ಯಾರೇ ಬರಲಿ, ನಾನು ಮೊದಲು ಮಾಡುವ ಕೆಲಸವೊಂದಿದೆ. ಶಾಲೆಯ ಮಾಸ್ತರರಿರಲಿ, ಬಸ್ಸಿನ ಚಾಲಕನಿರಲಿ, ಲೆನ್ಸನ್ನು ಮುಟ್ಟುವ ಮೊದಲು ಕೇಳುತ್ತೇನೆ: ಕನ್ನಡಕ ತೆಗೆದು ನೋಡಿ, ಇನ್ನೂ ಎರಡು ಕಾಣುತ್ತದೆಯೇ? ಹೌದೆಂದರೆ, ಒಂದು ಕಣ್ಣು ಮುಚ್ಚಿ ನೋಡಿ, ಒಂದಾಯಿತೇ? ಅದಕ್ಕೂ ಹೌದೆಂದರೆ ತೊಂದರೆ ಲೆನ್ಸಿನಲ್ಲಿಲ್ಲ. ಅಂಥವರನ್ನು ಕೂಡಲೇ ಆಸ್ಪತ್ರೆಗೆ ಓಡಿಸುತ್ತೇನೆ. ಓಡಿಸಿದ್ದೇನೆ. ಇಬ್ಬರು ಮರಳಿ ಬಂದು ಕೈಮುಗಿದಿದ್ದಾರೆ. ಮೂವತ್ತನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಕೇಳದೇ ಬಿಟ್ಟದ್ದು ಒಬ್ಬಳನ್ನು ಮಾತ್ರ. ಬೇರೆಯವರು ಬಂದು ಹೇಳಿದ್ದು ನನಗೆ ತೊಂದರೆಯಾಗಿ ಕೇಳಿಸುತ್ತಿತ್ತು. ನೀನು ಹೇಳಿದ್ದು ವಾದವಾಗಿ ಕೇಳಿಸಿತು. ವಾದಕ್ಕೆ ನನ್ನಲ್ಲಿ ಉತ್ತರ ಸದಾ ಸಿದ್ಧವಿತ್ತು.

ಕನ್ನಡಕ ಹಿಡಿದು ಅಡುಗೆಮನೆಗೆ ಹೋದೆ. ನಿನ್ನ ತಾಯಿ ಬೀನ್ಸ್ ನಾರು ತೆಗೆಯುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಅಂಗಡಿಯಲ್ಲಿ ನೀನು ಅಂದದ್ದು, ನಾನು ನಗಿಸಿದ್ದು, ವೈದ್ಯೆಗೆ ಇಲ್ಲವೆಂದದ್ದು. ಪೀಠಿಕೆ ಹಾಕಲಿಲ್ಲ, ಸಮರ್ಥನೆ ಕೊಡಲಿಲ್ಲ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೈಯಲ್ಲಿದ್ದ ಬೀನ್ಸನ್ನು ಮುರಿಯದೆ ಹಿಡಿದುಕೊಂಡೇ ಕೂತಿದ್ದಳು.

"ಎಡಗಣ್ಣಿನ ರೆಪ್ಪೆ ಜೋಲು ಬಿದ್ದಿತ್ತು ಕಣ್ರೀ," ಎಂದಳು. "ನಾನು ನೋಡಿದ್ದೆ. ನಿದ್ದೆ ಸಾಲದು ಅಂದ್ಕೊಂಡೆ. ಎರಡೆರಡು ಕಾಣುತ್ತೆ ಅಂತ ನನಗೂ ಹೇಳಿದ್ಲು. ಕಣ್ಣಿನ ವಿಷಯ ನನಗೇನು ಗೊತ್ತು, ಅಪ್ಪನ್ನ ಕೇಳು ಹೋಗು ಅಂತ ಕಳಿಸಿದ್ದು ನಾನೇ."

ಏಳು ತಿಂಗಳು ಒಂದೇ ಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು, ಇಬ್ಬರೂ ಇದನ್ನೇ ಬಚ್ಚಿಟ್ಟುಕೊಂಡು ಉಂಡಿದ್ದೇವೆ. ನಾನು ನೆಲದ ಮೇಲೆ ಅವಳ ಪಕ್ಕ ಕೂತೆ. ಅವಳು ಕನ್ನಡಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಶಾಯಿಯ ಚುಕ್ಕೆಗಳನ್ನು ಸೆರಗಿನಿಂದ ಒರೆಸಿದಳು. ಬೆರಳಿನ ಗುರುತನ್ನು ಒರೆಸದಂತೆ ಸುತ್ತಲೂ ಒರೆಸಿದಳು. ಆಮೇಲೆ ನನ್ನ ಮುಂದೆ ಬೀನ್ಸಿನ ತಟ್ಟೆ ಸರಿಸಿದಳು. ನನಗೆ ನಾರು ತೆಗೆಯಲು ಬರುವುದಿಲ್ಲ. ತಪ್ಪು ತಪ್ಪಾಗಿ ತೆಗೆದೆ. ಅವಳು ತಿದ್ದಲಿಲ್ಲ.

ನಾಳೆ ಅಂಗಡಿ ತೆಗೆಯುವ ಮೊದಲು ಆಸ್ಪತ್ರೆಗೆ ಹೋಗುತ್ತೇನೆ. ಆ ವೈದ್ಯೆಗೆ "ಹೌದು, ಹೇಳಿದ್ದಳು" ಎಂದು ತಿಳಿಸಿ ಬರುತ್ತೇನೆ. ಅವರಿಗೆ ಅದರಿಂದ ಏನೂ ಆಗಬೇಕಿಲ್ಲ. ನೀನು ಹೇಳಿದ್ದೆ ಎಂಬುದು ಒಂದು ಕಡೆಯಾದರೂ ದಾಖಲಾಗಿರಲಿ. ನಿನ್ನ ತಾಯಿಯೂ ಬರುತ್ತೇನೆಂದಿದ್ದಾಳೆ.

ಸಭೆ ಮುಗಿಯುವ ಮುನ್ನ, ಪ್ರತಿಪಕ್ಷವೇ, ಒಂದು ಮಾತು ಬಾಕಿ ಇದೆ. ಇದಕ್ಕೆ ಖಂಡನೆ ನನ್ನಲ್ಲಿಲ್ಲ. ನೀನು ಎಷ್ಟು ನಿಮಿಷ ಬೇಕಾದರೂ ತೆಗೆದುಕೋ. ನಗುವುದಕ್ಕೆ ಅಂಗಡಿಯಲ್ಲಿ ಯಾರೂ ಇಲ್ಲ. ಬಾ, ಬೆಳಕಿನ ಕಡೆಗೆ ಮುಖ ಮಾಡಿ ಈ ಸ್ಟೂಲಿನ ಮೇಲೆ ಕೂರು.

ಕನ್ನಡಕ ತೆಗೆದು ನೋಡು, ಕಂದಾ. ಇನ್ನೂ ಎರಡು ಕಾಣುತ್ತದೆಯೇ?

ನೀನಿರುವಲ್ಲಿ ನಿನಗೆ ಎಲ್ಲವೂ ಒಂದೊಂದಾಗಿ, ತಿಳಿಯಾಗಿ ಕಾಣಲಿ ಎಂದು ಹರಸುವ,
ಅಧ್ಯಕ್ಷಪೀಠದಿಂದ ಇಳಿದು ಬಂದಿರುವ
ನಿನ್ನ ಅಪ್ಪ