ಆಪರೇಟರ್ ಸಹಿ ಬೇಕಂತೆ

ಅಪ್ಪಾ,

ಸಾರಿ. ಹಾಸ್ಟೆಲಿನಿಂದ ಫೋನ್ ಮಾಡಲೂ ಸೋಮಾರಿತನ ಮಾಡುತ್ತಿದ್ದವಳು, ನೀನು ಓದಲಾರೆ ಎಂದು ಗೊತ್ತಿದ್ದೂ ಈಗ ಕಾಗದ ಬರೆಯುತ್ತಿದ್ದೇನೆ.

ನಿನ್ನ ಕ್ರೇನ್ ಉರುಳಿದ್ದೇಕೆ ಎಂದು ಸರ್ಕಾರ ಒಂದು ಕನ್ಸಲ್ಟೆನ್ಸಿ ಕಂಪನಿಯಿಂದ ವರದಿ ಬರೆಸಿತು. ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿದ್ದೆ. ಆಪರೇಟರ್ ಕುಡಿದಿದ್ದನಂತೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ, ಅಮ್ಮ ಮನೆಯಿಂದ ಹೊರಗೇ ಬರುವುದಿಲ್ಲ. ಇವತ್ತು ಫಸ್ಟ್ ಇಯರ್ ಕ್ಲಾಸ್ ತಪ್ಪಿಸಿ ಕಚೇರಿಗೆ ಹೋಗಿ ಪ್ರತಿ ಇಸಿದುಕೊಂಡೆ. ಆಪರೇಟರ್ ಬಗ್ಗೆ ಇರುವ ಅಧ್ಯಾಯಕ್ಕೆ ಮಾತ್ರ ಪೂರ್ತಿ ಕಪ್ಪು ಬಳಿದಿದ್ದಾರೆ.

"ಅದು ಬೇರೆಯವರ ಖಾಸಗಿ ಮಾಹಿತಿ ಕಣಮ್ಮ," ಎಂದರು ಮಾಹಿತಿ ಅಧಿಕಾರಿ. "ವರದಿ ಬರೆದ ಕಂಪನಿಯವರು ಒಪ್ಪಿದ್ದಾರೆ. ಇನ್ನು ಆಪರೇಟರ್ ಒಪ್ಪಿ ಸಹಿ ಹಾಕಿದ್ರೆ ಕೊಟ್ಬಿಡ್ತೀವಿ."

"ಅವರು ನಮ್ಮಪ್ಪ ಸರ್. ಅದೇ ಕ್ರೇನಲ್ಲಿ ತೀರ್ಕೊಂಡ್ರು."

"ಗೊತ್ತಮ್ಮ, ಪಾಪ. ಆದ್ರೆ ರೂಲ್ಸಲ್ಲಿ ಸತ್ತವರಿಗೆ ಅಂತ ಬೇರೆ ಕಾಲಂ ಇಲ್ವಲ್ಲ. ಬೇಕಿದ್ರೆ ಅಪೀಲ್ ಹೋಗು, ವರ್ಷಗಟ್ಟಲೆ ಎಳೀತಾರೆ."

ಥ್ಯಾಂಕ್ಸ್ ಹೇಳಿ ಬಂದೆ. ಬಸ್ ಸ್ಟಾಪಿನಲ್ಲಿ ಆ ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆ, ಒಂದಕ್ಷರವೂ ಕಾಣಲಿಲ್ಲ. ಜನರ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ ಎಂದು ಇಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ್ದೇನೆ.

ಒಪ್ಪಿಗೆ ಇದೆ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು. ದಯವಿಟ್ಟು ಬೇಗ ಉತ್ತರ ಬರೆ.